ದ್ವೀಪಕ್ಕೆ ಪುಕ್ಕಟೆ ದೋಣಿ

ಇಷ್ಟಕ್ಕೆಲ್ಲ ಕಾರಣ ಹೋಟೆಲಿನ ಲಿಫ್ಟಿನಲ್ಲಿ ಅಂಟಿಸಿದ್ದ ಒಂದು ಚಿತ್ರ. ಸಮುದ್ರದ ನಡುವೆ ದ್ವೀಪ, ದ್ವೀಪದ ಹೊಟ್ಟೆಯಲ್ಲಿ ಗುಹೆ, ಗುಹೆಯೊಳಗೆ ಶಾಯಿ ಚೆಲ್ಲಿದ ಹಾಗೆ ನೀಲಿ ನೀರು. ಕೊಟೇಶನಪ್ಪನ ಹೆಂಡತಿ ಲಿಫ್ಟು ಹತ್ತಿದಾಗಲೆಲ್ಲ ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಐದು ದಿನ ಸುಮ್ಮನೆ ನೋಡಿದವಳು ಆರನೆಯ ದಿನ ಬೆಳಿಗ್ಗೆ ಬಾಯಿಬಿಟ್ಟಳು.

"ರೀ, ನಾಡಿದ್ದು ಊರಿಗೆ ಹೊರಡ್ತೀವಿ. ಆ ಗುಹೆ ಒಂದು ತೋರಿಸಿಬಿಡಿ. ಇನ್ನೇನೂ ಕೇಳಲ್ಲ."

"ಅದಕ್ಕೇನಂತೆ, ವಿಚಾರಿಸ್ತೀನಿ."

ಈ 'ವಿಚಾರಿಸ್ತೀನಿ'ಯ ರುಚಿ ಅವಳಿಗೆ ಇಪ್ಪತ್ತಾರು ವರ್ಷಗಳಿಂದ ಗೊತ್ತಿತ್ತು. ಗಂಡ ಸೋಪು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಗುಮಾಸ್ತ. ಅಲ್ಲಿ ಮೂರು ಕಡೆಯಿಂದ ಕೊಟೇಶನ್ ತರಿಸದೆ ಒಂದು ಗುಂಡುಸೂಜಿಯನ್ನೂ ಕೊಳ್ಳುವಂತಿಲ್ಲ. ಬೇರೆ ಗುಮಾಸ್ತರು ಆ ನಿಯಮವನ್ನು ಸಂಜೆ ಐದಕ್ಕೆ ಮೇಜಿನ ಡ್ರಾಯರಿನಲ್ಲಿಟ್ಟು ಹೊರಡುತ್ತಿದ್ದರು, ಇವನು ಮನೆಗೂ ತರುತ್ತಿದ್ದ. ಹಾಗಾಗಿ ಸಹೋದ್ಯೋಗಿಗಳ ಬಾಯಲ್ಲಿ ಅವನು ಕೊಟೇಶನಪ್ಪನಾದ. ಒಮ್ಮೆ ಹಲ್ಲುನೋವು ಬಂದಾಗ ಮೂವರು ದಂತವೈದ್ಯರ ದರ ವಿಚಾರಿಸಿ ಮುಗಿಸುವಷ್ಟರಲ್ಲಿ ಹಲ್ಲು ತಾನಾಗಿಯೇ ಉದುರಿ ಖರ್ಚು ಉಳಿದಿತ್ತು. ಅದನ್ನು ಅವನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ವಿದೇಶಕ್ಕೆ ಬಂದದ್ದೂ ಅವನ ಇಚ್ಛೆಯಿಂದಲ್ಲ. ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬಟ್ಟೆ ಅಂಗಡಿಯ ಮಾಲೀಕ. "ನಾಲ್ಕು ಜನ ಹೋದರೆ ರಿಯಾಯಿತಿ ಇದೆ ಕಣಯ್ಯಾ" ಎಂದು ಅವನು ಒಂದು ಮಾತು ಹೇಳಿದ. ರಿಯಾಯಿತಿ ಎಂಬ ಪದ ಕಿವಿಗೆ ಬಿದ್ದ ಮೇಲೆ ಕೊಟೇಶನಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಇಲ್ಲಿ ಬಂದಿಳಿದ ಮೇಲೆ ತಿಳಿದದ್ದು ಇಷ್ಟು: ರಿಯಾಯಿತಿ ವಿಮಾನಕ್ಕೆ ಮತ್ತು ಮಂಚಕ್ಕೆ ಮಾತ್ರ, ನೋಡುವ ಜಾಗಗಳಿಗೆಲ್ಲ ಬೇರೆ ಟಿಕೆಟ್ಟು. ಅಂದಿನಿಂದ ಅವನು ಹೆಂಡತಿಗೆ ವಸ್ತುಸಂಗ್ರಹಾಲಯವನ್ನು ಮೆಟ್ಟಿಲಿನಿಂದ, ಉದ್ಯಾನವನ್ನು ಗೇಟಿನ ಸರಳುಗಳ ಸಂದಿಯಿಂದ ತೋರಿಸಿದ್ದ. ದೀಪಸ್ತಂಭದ ಬುಡದಲ್ಲಿ ನಿಂತು, "ಮೇಲೆ ಹತ್ತಿದರೆ ದೀಪಸ್ತಂಭಾನೇ ಕಾಣಲ್ಲ. ಇಲ್ಲಿಂದ ಪೂರ್ತಿ ಕಾಣುತ್ತೆ" ಎಂದಿದ್ದ. ಅವಳು ಎಲ್ಲದಕ್ಕೂ ತಲೆಯಾಡಿಸಿದ್ದಳು. ಆದರೆ ಗುಹೆಯನ್ನು ಹೊರಗಿನಿಂದ ನೋಡುವುದು ಹೇಗೆ?

ತಿಂಡಿ ಮುಗಿಸಿ ಕೆಳಗಿಳಿದರೆ ಷಡ್ಡಕ ಹೋಟೆಲಿನ ಕೌಂಟರಿನಲ್ಲಿ ಎರಡು ಟಿಕೆಟ್ಟು ಹರಿಸಿಕೊಂಡು ಬೀಸಣಿಗೆಯಂತೆ ಬೀಸಿಕೊಳ್ಳುತ್ತಿದ್ದ.

"ಗುಹೆಗೆ ಕಣಯ್ಯಾ, ಹನ್ನೊಂದು ಗಂಟೆ ದೋಣಿ. ನಿಮಗೂ ಎರಡು ತಗೊಳ್ಳಲಾ?"

ಕೌಂಟರಿನ ಹುಡುಗಿ ದರ ಹೇಳಿದಳು. ಕೊಟೇಶನಪ್ಪ ಅದನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ ಭಾವ, ನೀವು ನಡೀರಿ. ನಾನು ಇನ್ನೆರಡು ಕಡೆ ಕೇಳ್ಕೊಂಡು ಬರ್ತೀನಿ."

"ಇಲ್ಲೂ ಶುರು ಮಾಡಿದೆಯಾ?" ಷಡ್ಡಕ ಗೊಳ್ಳೆಂದು ನಕ್ಕ. ಹೆಂಡತಿಯ ಅಕ್ಕ ತಂಗಿಯ ಕಡೆ ಅಯ್ಯೋ ಪಾಪ ಎನ್ನುವಂತೆ ನೋಡಿದಳು. ಆ ನೋಟ ಹೆಂಡತಿಗೆ ಚುಚ್ಚಿತು. ಆದರೂ ಅವಳು ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ನಡೆದಳು.

ಎರಡನೆಯ ಕೊಟೇಶನ್ ದೊರೆತದ್ದು ಸಮುದ್ರದ ದಡದಲ್ಲಿ ಕೊಡೆಯ ಕೆಳಗೆ ಕೂತಿದ್ದ ಏಜೆಂಟನಿಂದ. ಇಬ್ಬರದೂ ಹರಕುಮುರುಕು ಇಂಗ್ಲಿಷು, ಹಾಗಾಗಿ ಮಾತು ಸಲೀಸಾಗಿ ನಡೆಯಿತು. ದರ ಹೋಟೆಲಿನದಕ್ಕಿಂತ ಕಡಿಮೆಯೇ. ಆದರೆ ಆ ದರ ಬೇಕೆಂದರೆ ಮೊದಲು ಅವನ ಅಣ್ಣನ ಅಂಗಡಿಗೆ ಹೋಗಿ ಎರಡು ಗಂಟೆ ರತ್ನಗಂಬಳಿ ನೋಡಬೇಕಂತೆ.

"ನೋಡೋದಕ್ಕೆ ದುಡ್ಡಿಲ್ವಲ್ಲ, ನೋಡೋಣ್ವಾ?" ಎಂದ ಕೊಟೇಶನಪ್ಪ.

"ಗುಹೆ ನೋಡೋಕೆ ಬಂದಿರೋದು, ಗಂಬಳಿ ಅಲ್ಲ" ಎಂದು ಹೆಂಡತಿ ಮುಂದೆ ಹೆಜ್ಜೆ ಹಾಕಿದಳು.

ಮೂರನೆಯದು ಬಂದರಿನಲ್ಲಿ ಬಲೆ ಹೊಲೆಯುತ್ತಿದ್ದ ಒಬ್ಬ ಮೀನುಗಾರನದು. ಅವನು ಹೇಳಿದ ದರ ಕೇಳಿ ಕೊಟೇಶನಪ್ಪನಿಗೆ ಸ್ವರ್ಗ ಮೂರೇ ಗೇಣು. ಕಿಸೆಗೆ ಕೈ ಹಾಕಿ, ಯಾವುದಕ್ಕೂ ಇರಲಿ ಎಂದು, ವಾಪಸು ಎಷ್ಟು ಹೊತ್ತಿಗೆ ಎಂದು ಕೇಳಿದ. ವಾಪಸಿನ ದರ ಬೇರೆ, ಅದು ಹೋಗುವ ದರದ ನಾಲ್ಕು ಪಟ್ಟು ಎಂದು ಮೀನುಗಾರ ಬೆರಳೆಣಿಸಿ ತೋರಿಸಿದ. ದ್ವೀಪದಲ್ಲಿ ಇಳಿದ ಮೇಲೆ ಯಾರೂ ಚೌಕಾಸಿ ಮಾಡುವುದಿಲ್ಲ ಎಂಬುದು ಅವನ ಅನುಭವ.

ಹೆಂಡತಿ ಕಟ್ಟೆಯ ಮೇಲೆ ಕೂತುಬಿಟ್ಟಳು. "ಮೂರೂ ಆಯ್ತಲ್ಲ? ಈಗ ಹೋಟೆಲಿನವರ ಹತ್ತಿರಾನೇ ತಗೊಳ್ಳಿ. ನಡೆದೂ ನಡೆದೂ ಕಾಲು ಬಿದ್ದುಹೋಯ್ತು."

"ಸರಿ ನಡಿ" ಎಂದು ಕೊಟೇಶನಪ್ಪ ಸೋಲೊಪ್ಪಿ ತಿರುಗಿದ. ತಿರುಗಿದ ಕಡೆಯೇ ಆ ದೊಡ್ಡ ದೋಣಿ ನಿಂತಿತ್ತು.

ಮೂವತ್ತು ನಲವತ್ತು ಜನ ಸಾಲಾಗಿ ಹತ್ತುತ್ತಿದ್ದರು. ಕೊರಳಲ್ಲಿ ಸೀಟಿ ತೂಗುಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬಳು ಪ್ರತಿಯೊಬ್ಬರಿಗೂ ಹಸಿರು ಟೋಪಿ, ಒಂದು ಜೊತೆ ಕೈಗವಸು, ದೊಡ್ಡದೊಂದು ಚೀಲ ಕೊಡುತ್ತಿದ್ದಳು. ಅವಳಿಗೆ ಇಂಗ್ಲಿಷಿನ ಗಂಧಗಾಳಿ ಇರಲಿಲ್ಲ. ಕೊಟೇಶನಪ್ಪ ದ್ವೀಪದ ಕಡೆ ಕೈ ತೋರಿದ. ಅವಳು ಹೌದೆಂದು ತಲೆಯಾಡಿಸಿದಳು. ಬೆರಳಿಂದ ನೋಟು ಎಣಿಸುವಂತೆ ಅಭಿನಯಿಸಿ ಎಷ್ಟು ಎಂದು ಕೇಳಿದ. ಅವಳು ನಕ್ಕು, ಎರಡೂ ಕೈ ಅಲ್ಲಾಡಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಪುಕ್ಕಟೆ!" ಕೊಟೇಶನಪ್ಪನ ಧ್ವನಿ ಗದ್ಗದವಾಯಿತು. "ಕೇಳಿದೆಯೇನೇ? ಪುಕ್ಕಟೆ! ವಿಚಾರಿಸಬೇಕು ಅನ್ನೋದು ಇದಕ್ಕೇ!"

"ಕೈಗವಸು ಯಾಕ್ರೀ?"

"ಗುಹೆ ಅಂದ್ಮೇಲೆ ಬಂಡೆ ಚೂಪಾಗಿರುತ್ತೆ, ಹಿಡ್ಕೊಳ್ಳೋಕೆ."

"ಇಷ್ಟು ದೊಡ್ಡ ಚೀಲ?"

"ಚಿಪ್ಪು ಆರಿಸ್ಕೊಳ್ಳೋಕೆ. ಎಲ್ಲಾ ಯೋಚನೆ ಮಾಡಿದ್ದಾರೆ ನೋಡು."

ಹೆಂಡತಿ ಟೋಪಿ ಹಾಕಿ ಮುಡಿ ಸರಿಮಾಡಿಕೊಳ್ಳುತ್ತಿದ್ದಾಗ ಸೀಟಿಯಮ್ಮ ಇವನ ಮುಂದೆ ಒಂದು ಪಟ್ಟಿ ಹಿಡಿದಳು. ಹೆಸರು, ಹೋಟೆಲು, ಕೋಣೆಯ ಸಂಖ್ಯೆ ಬರೆಯಬೇಕಿತ್ತು. ಪೆನ್ನು ಕೈಗೆ ಬಂದೊಡನೆ ಅವನೊಳಗಿನ ಖರೀದಿ ಗುಮಾಸ್ತ ಎಚ್ಚರಗೊಂಡ. ಪುಕ್ಕಟೆ ಎಂದ ಮೇಲೆ ಕೋಣೆಯ ಸಂಖ್ಯೆ ಯಾಕೆ? ಮೊದಲು ಸ್ಯಾಂಪಲ್ ಪುಕ್ಕಟೆ ಎಂದು ಕೊಟ್ಟು ತಿಂಗಳ ಕೊನೆಗೆ ಬಿಲ್ಲು ಕಳಿಸಿದವರನ್ನು ಅವನು ಎಷ್ಟು ಜನರನ್ನು ಕಂಡಿಲ್ಲ! ಒಂದು ಕ್ಷಣ ಯೋಚಿಸಿ, ಸ್ಪಷ್ಟವಾದ ಅಕ್ಷರಗಳಲ್ಲಿ ಷಡ್ಡಕನ ಹೆಸರನ್ನೂ ಷಡ್ಡಕನ ಕೋಣೆಯ ಸಂಖ್ಯೆಯನ್ನೂ ಬರೆದು, 'ಇಬ್ಬರು' ಎಂದು ಕಾಣಿಸಿದ. ಬಿಲ್ಲು ಬಂದರೆ ಅವರಿಗೇ ಬರಲಿ, ಭಾವನಿಗೆ ಹೇಗೂ ದುಡ್ಡು ಕೊಡುವುದೆಂದರೆ ಖುಷಿ ಎಂದು ಸಮಾಧಾನ ಮಾಡಿಕೊಂಡ.

ದೋಣಿ ದ್ವೀಪವನ್ನು ಅರ್ಧ ಸುತ್ತು ಹಾಕಿ ಹಿಂಬದಿಯ ದಡಕ್ಕೆ ಬಂದು ನಿಂತಿತು. ಅಲ್ಲಿ ಗುಹೆ ಇರಲಿಲ್ಲ, ನೀಲಿ ನೀರೂ ಇರಲಿಲ್ಲ. ಸಮುದ್ರ ವರ್ಷವಿಡೀ ನುಂಗಿ ಬೇಡವೆಂದು ಉಗಿದದ್ದೆಲ್ಲ ಅಲ್ಲಿತ್ತು: ಬಾಟಲಿಗಳು, ಹರಿದ ಬಲೆಗಳು, ಜೊತೆ ತಪ್ಪಿದ ಚಪ್ಪಲಿಗಳು. ಸೀಟಿಯಮ್ಮ ಸೀಟಿ ಊದಿದಳು. ಎಲ್ಲರೂ ಬಗ್ಗಿದರು.

"ರೀ," ಎಂದಳು ಹೆಂಡತಿ ಸಾವಧಾನವಾಗಿ, ಕೈಗವಸಿನಲ್ಲಿ ಏನನ್ನೋ ಎತ್ತಿ ಹಿಡಿದು. "ಇದು ಚಿಪ್ಪಲ್ಲ. ಹಲ್ಲುಜ್ಜೋ ಬ್ರಷ್ಷು."

ಕೊಟೇಶನಪ್ಪ ಸುತ್ತ ನೋಡಿದ. ದೋಣಿ ಆಗಲೇ ದೂರ ಹೋಗಿತ್ತು. "ಒಂದು ಹತ್ತು ನಿಮಿಷ ಇರಬಹುದು. ಆಮೇಲೆ ಗುಹೆಗೆ ಕರ್ಕೊಂಡು ಹೋಗ್ತಾರೆ" ಎಂದ.

ಹತ್ತು ನಿಮಿಷ ಹೋಗಿ ಎರಡು ಗಂಟೆಯಾಯಿತು. ಕೂತರೆ ಸೀಟಿ, ನಿಂತರೆ ಸೀಟಿ. ಬಂಡೆಯ ಮರೆಯಿಂದ ಆಚೆ ಬದಿಗೆ ನುಸುಳೋಣವೆಂದು ಎರಡು ಸಲ ಪ್ರಯತ್ನಿಸಿದ. ಮೊದಲ ಸಲ ಸೀಟಿ ಕೇಳಿ ಹಿಂತಿರುಗಿದ. ಎರಡನೆಯ ಸಲ ಸೀಟಿಯಮ್ಮ ಬೆನ್ನು ತಟ್ಟಿ ಇನ್ನೆರಡು ಚೀಲ ಹೊರಿಸಿದಳು, ಅಲ್ಲೂ ಕಸ ಹುಡುಕಲು ಹೊರಟ ಇವನ ಉತ್ಸಾಹ ಅವಳಿಗೆ ಮೆಚ್ಚಿಗೆಯಾಗಿತ್ತು. ಕಾರ್ಖಾನೆಯಲ್ಲಿ ಫೈಲು ಎತ್ತಲೂ ಜವಾನನನ್ನು ಕರೆಯುತ್ತಿದ್ದವನು ನಡು ಹಿಡಿದುಕೊಂಡು ಬಿಸಿಲಿನಲ್ಲಿ ಏದುಸಿರು ಬಿಟ್ಟ.

ಹೆಂಡತಿ ಮಾತ್ರ ಗೊಣಗಲಿಲ್ಲ. "ಬಂದಾಗಿದೆ, ಕೈಕಟ್ಟಿ ಕೂರೋದು ಚೆನ್ನಾಗಿರಲ್ಲ" ಎಂದು ಅಡುಗೆಮನೆ ತೊಳೆಯುವಷ್ಟೇ ಅಚ್ಚುಕಟ್ಟಾಗಿ ತನ್ನ ಪಾಲಿನ ದಡವನ್ನು ಚೊಕ್ಕ ಮಾಡಿದಳು. ಮೂರು ಗಂಟೆಗೆ ಎಲ್ಲರಿಗೂ ನೀರು ಕೊಟ್ಟಾಗ ಅವಳು ಒಂದು ಬಂಡೆಯ ಮೇಲೆ ಕೂತು ಆಚೆ ಬದಿಯ ಗುಡ್ಡವನ್ನೇ ನೋಡತೊಡಗಿದಳು.

"ಗುಹೆ ಆ ಗುಡ್ಡದ ಹಿಂದೆ ಅಂತೆ. ಇಷ್ಟು ಹತ್ತಿರ ಬಂದೂ..." ಎಂದವಳು ಮಾತು ಮುಗಿಸಲಿಲ್ಲ. ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು, ಕಣ್ಣಂಚಿನಲ್ಲಿ ನೀರಿತ್ತು.

ಕೊಟೇಶನಪ್ಪ ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ. ಅವನು ಕೆಟ್ಟವನಲ್ಲ. ಉಳಿಸಿದ್ದೆಲ್ಲ ಯಾರಿಗಾಗಿ ಎಂದು ಕೇಳಿದರೆ ಹೆಂಡತಿಗಾಗಿ ಎಂದೇ ಅವನು ಪ್ರಾಮಾಣಿಕವಾಗಿ ಹೇಳುತ್ತಿದ್ದ. ಆ ಉಳಿತಾಯದಿಂದ ಅವಳಿಗೆ ಇದುವರೆಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಮೊದಲ ಸಲ ಅವನ ತಲೆಗೆ ಬಂತು.

"ನಾಳೆ ನೋಡೋಣ ಕಣೇ" ಎಂದ.

"ವಿಚಾರಿಸ್ತೀರಾ?"

"ಇಲ್ಲ. ತೋರಿಸ್ತೀನಿ. ಹೋದ ತಕ್ಷಣ ಕೌಂಟರಿನಲ್ಲೇ ಟಿಕೆಟ್ ತಗೋತೀನಿ. ಎಷ್ಟಾದರೂ ಸರಿ."

ಅವಳು ನಂಬಲಾರದೆ ಅವನ ಮುಖ ನೋಡಿದಳು, ಆಮೇಲೆ ನಕ್ಕಳು.

ವಾಪಸು ಬರುವಾಗ ದೋಣಿಯಲ್ಲಿ ಅವನದು ಒಂದೇ ಬೇಡಿಕೆ. "ಭಾವನ ಮುಂದೆ ಈ ಕಸದ ವಿಷಯ ಎತ್ತಬೇಡ. ಗೊತ್ತಾದರೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳ್ತಾರೆ."

"ನಾನ್ಯಾಕೆ ಹೇಳಲಿ?" ಎಂದಳು.

ಹೋಟೆಲಿನ ಹಜಾರದಲ್ಲಿ ಷಡ್ಡಕ ಗರಿಗರಿಯಾದ ಅಂಗಿ ತೊಟ್ಟು ಸೋಫಾದಲ್ಲಿ ಒರಗಿದ್ದ, ಪಕ್ಕದಲ್ಲಿ ಹೆಂಡತಿಯ ಅಕ್ಕ.

"ಏನಯ್ಯಾ ಇದು, ಸುಟ್ಟ ಬದನೆಕಾಯಿ ಆಗಿದ್ದೀಯಾ?"

"ಹೀಗೇ ದಡದಲ್ಲಿ ಓಡಾಡ್ಕೊಂಡು ಬಂದ್ವಿ ಭಾವ. ನಿಮ್ಮ ಗುಹೆ ಹೇಗಿತ್ತು?"

"ಎಲ್ಲಿ ಗುಹೆ? ಬಂದರಿಗೆ ಹೋದರೆ ದೋಣಿ ಇಲ್ಲ ಅಂದರು. ದ್ವೀಪ ಚೊಕ್ಕ ಮಾಡ್ತಿದ್ದಾರಂತೆ, ಅದಕ್ಕೆ ಇವತ್ತು ಪ್ರವಾಸಿಗರನ್ನ ಬಿಡಲ್ವಂತೆ. ದುಡ್ಡು ಪೂರ್ತಿ ವಾಪಸ್, ತೊಂದರೆ ಆಯ್ತು ಅಂತ ಮೇಲೆ ಊಟಾನೂ ಕೊಟ್ಟರು. ಉಂಡು ಈಜುಕೊಳದ ಪಕ್ಕ ನಿದ್ದೆ ಹೊಡೆದೆ. ನಾಳೆಗೆ ಟಿಕೆಟ್ ತಗೋಬೇಕು."

ಅಷ್ಟರಲ್ಲಿ ಕೌಂಟರಿನ ಹುಡುಗಿ ಒಂದು ಲಕೋಟೆ ಹಿಡಿದು ಬಂದಳು. ಷಡ್ಡಕನ ಹೆಸರನ್ನು ಕಷ್ಟಪಟ್ಟು ಓದಿ, ಕೋಣೆಯ ಸಂಖ್ಯೆ ಕೇಳಿ ಖಚಿತಪಡಿಸಿಕೊಂಡು, ಬಂದರು ಕಚೇರಿಯ ಪತ್ರವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ನಿಮ್ಮಿಬ್ಬರ ಇಂದಿನ ಸೇವೆಗೆ ಊರು ಋಣಿಯಾಗಿದೆ. ನಾಳೆ ಬೆಳಿಗ್ಗೆ ಕಚೇರಿಯದೇ ದೋಣಿ ನಿಮ್ಮನ್ನು ನೀಲಿ ಗುಹೆಯ ಒಳಗಿನವರೆಗೆ ಕರೆದೊಯ್ಯುತ್ತದೆ. ಮಧ್ಯಾಹ್ನದ ಊಟವೂ ನಮ್ಮದೇ. ಟಿಕೆಟ್ಟು ಬೇಕಿಲ್ಲ.

"ನಮ್ಮ ಸೇವೆನಾ?" ಷಡ್ಡಕ ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. "ಗೊತ್ತಾಯ್ತು! ಬೆಳಿಗ್ಗೆ ಈಜುಕೊಳದ ಹತ್ತಿರ ಕೆಲಸದವರಿಗೆ ಟವೆಲ್ ಮಡಚೋದು ಹೇಗೆ ಅಂತ ಹೇಳಿಕೊಟ್ಟೆ. ಇಲ್ಲಿಯವರು ಉಪಕಾರ ಮರೆಯಲ್ಲ ಕಣಯ್ಯಾ!"

ಹೆಂಡತಿ ಕೊಟೇಶನಪ್ಪನನ್ನು ಪಕ್ಕಕ್ಕೆ ಕರೆದು ತೋಳನ್ನು ಮೆಲ್ಲಗೆ ಚಿವುಟಿದಳು.

"ರೀ, ದುಡಿದಿದ್ದು ನಾವು. ಪಟ್ಟಿಗೆ ಭಾವನ ಹೆಸರು ಹೇಗೆ ಹೋಯ್ತು?"

"ಅದೇ ನನಗೂ ಆಶ್ಚರ್ಯ" ಎಂದ ಅವನು ನೆಲ ನೋಡುತ್ತ.

ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳು ಜಗಳವಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಟಿಕೆಟ್ ತಗೊಳ್ಳಿ" ಎಂದಷ್ಟೇ ಹೇಳಿದಳು.

ಕೊಟೇಶನಪ್ಪ ಕೌಂಟರಿಗೆ ಹೋಗಿ ನಾಳೆಗೆ ಎರಡು ಟಿಕೆಟ್ಟು ಕೇಳಿದ. ಹುಡುಗಿ ಹೇಳಿದ ಮೊತ್ತ ಬೆಳಗಿನದಕ್ಕಿಂತ ಜಾಸ್ತಿ ಇತ್ತು.

"ಬೆಳಿಗ್ಗೆ ಇಷ್ಟಿರಲಿಲ್ಲವಲ್ಲ?"

"ನಾಳೆಯಿಂದ ದ್ವೀಪದ ಸ್ವಚ್ಛತಾ ಶುಲ್ಕ ಸೇರುತ್ತೆ ಸರ್" ಎಂದು ಹುಡುಗಿ ವಿನಯದಿಂದ ವಿವರಿಸಿದಳು. "ಪಾಪ, ಅವರು ಇಡೀ ದಿನ ಬಿಸಿಲಲ್ಲಿ ಪುಕ್ಕಟೆ ದುಡಿದಿದ್ದಾರೆ. ಅವರನ್ನ ನಾಳೆ ಗುಹೆಗೆ ಕರ್ಕೊಂಡು ಹೋಗಬೇಕು, ಊಟ ಹಾಕಬೇಕು. ಆ ಖರ್ಚಿಗೆ."

ಕಿಸೆಯಿಂದ ಅರ್ಧ ಹೊರಬಂದಿದ್ದ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಷಡ್ಡಕ ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಇದಕ್ಕೆಲ್ಲ ಹಿಂದೆ ಮುಂದೆ ನೋಡಬಾರದು ಕಣಯ್ಯಾ, ಕೊಡು" ಎಂದ. "ನಾಳೆ ಊಟ ಮಾಡೋವ್ರು ನಿನ್ನ ಹೆಸರು ಹೇಳಿ ಹರಸ್ತಾರೆ."

ಕೊಟೇಶನಪ್ಪ ದುಡ್ಡು ಎಣಿಸಿ ಕೊಟ್ಟ.