ನೂರಾ ನಲವತ್ತೊಂದನೇ ಪುಟದ ತೀರ್ಪು

ಮನೆಯಲ್ಲಿ ತನಗೆ ಕವಡೆ ಕಿಮ್ಮತ್ತಿಲ್ಲ ಎಂಬುದು ವಾಲಿಬಾಲ್ ರೆಫರಿಯ ಹಳೆಯ ದೂರು. ಮೈದಾನದಲ್ಲಿ ಅವನ ಒಂದು ಸೀಟಿಗೆ ಆರಡಿ ಆಳುಗಳು ಕಲ್ಲಾಗಿ ನಿಲ್ಲುತ್ತಾರೆ; ಮನೆಯಲ್ಲಿ ಮೂರು ಸಲ ಕೂಗಿದರೂ ಟವೆಲ್ ಬರುವುದಿಲ್ಲ. (ಎದ್ದು ತಂದುಕೊಳ್ಳಬಹುದೆಂಬ ವಿಚಾರ ಇಂಥ ಗಂಡಸರ ತಲೆಗೆ ಹೊಳೆಯುವುದೇ ಇಲ್ಲ.) ಎಲ್ಲಕ್ಕೂ ಕಾರಣ ಹೆಂಡತಿಯ ಕೈಯಲ್ಲಿರುವ ಲೈಬ್ರರಿ ಕಾದಂಬರಿ ಎಂದು ಅವನು ತೀರ್ಮಾನಿಸಿದ್ದ.

"ವಾಲಿಬಾಲ್ ಆಡೋರ ಪ್ರೇಮಕಥೇನಾ? ನಲವತ್ತೈದು ದಾಟಿತಲ್ಲೇ ನಿಂಗೆ!"

"ದಾಟಿರೋದು ನಾನು, ಪುಸ್ತಕ ಅಲ್ವಲ್ಲ. ಅದಿರಲಿ, ಭಾನುವಾರ ನಮ್ಮ ನರ್ಸ್‌ಗಳ ಮ್ಯಾಚು ಇದೆ ರೀ. ಈ ಸಲನಾದ್ರೂ ಬರ್ತೀರಾ?"

"ನರ್ಸಮ್ಮಗಳ ಚೆಂಡಾಟಕ್ಕೆ ನಾನು ಬರ್ಬೇಕಾ?"

ಅವಳು ಓದಿದಲ್ಲಿಗೆ ಬಸ್ ಟಿಕೆಟು ಸಿಕ್ಕಿಸಿ ಡ್ಯೂಟಿಗೆ ಹೋದಳು.

ತಪ್ಪು ಹುಡುಕಲೆಂದೇ ರೆಫರಿ ಪುಸ್ತಕ ತೆರೆದ. ಕಿವಿಯ ಮೇಲಿನ ಪೆನ್ಸಿಲ್ ತಾನಾಗಿ ಕೈಗೆ ಬಂತು. 'ಇಲ್ಲಿ ನೆಟ್ ಮುಟ್ಟಿದ್ದಾಳೆ, ಪಾಯಿಂಟ್ ಇಲ್ಲ' ಎಂದು ಅಂಚಿನಲ್ಲಿ ಗೀಚಿದ. ಆದರೆ ನಾಯಕಿ, ಮಂಡಿಗೆ ಮುಲಾಮು ತಿಕ್ಕಿಕೊಂಡು ಅಂಗಡಿ ಕೌಂಟರಿನಲ್ಲಿ ದಿನವಿಡೀ ನಿಲ್ಲುವವಳು. ನಾಯಕ, ಬೆವರಿನ ಸಾಕ್ಸನ್ನು ಸೋಫಾದಡಿ ತುರುಕುವವನು. ರೆಫರಿ ಬಗ್ಗಿ ತನ್ನ ಸೋಫಾದಡಿ ನೋಡಿದ. ನಾಲ್ಕಿದ್ದವು.

ಮುಂದಿನ ಮೂರು ದಿನ, ಅವಳು ಗೇಟು ದಾಟಿದ್ದೇ ತಡ, ಬಾಗಿಲಿಗೆ ಚಿಲಕ ಹಾಕಿಕೊಂಡು ಓದಿದ. ಎರಡು ಕಡೆ ಅತ್ತ. ಪೆನ್ಸಿಲ್ ಓಡುತ್ತಲೇ ಇತ್ತು.

ಶನಿವಾರ ಊಟದ ಹೊತ್ತಿಗೆ ಹೆಂಡತಿ ಪುಸ್ತಕ ತಂದು ಗಟ್ಟಿಯಾಗಿ ಓದಿದಳು: "'ಅವಳ ಒಂದು ಆಟವನ್ನೂ ಇವನು ನೋಡಿಲ್ಲ. ಕ್ಷಮೆ ಕೇಳೋಕೆ ಏನು ದಾಡಿ ಈ ಮಹಾನುಭಾವನಿಗೆ? ಕೊಡಿ ರೆಡ್ ಕಾರ್ಡ್!' ನೂರಾ ನಲವತ್ತೊಂದನೇ ಪುಟ. ಅಚ್ಚಾಗಿದ್ದಲ್ಲ ರೀ, ಅಂಚಿನಲ್ಲಿ ಪೆನ್ಸಿಲ್ಲಲ್ಲಿ ಇರೋದು."

ರೆಫರಿ ತಟ್ಟೆಯತ್ತ ಬಗ್ಗಿ ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದ. "ಲೈಬ್ರರಿ ಪುಸ್ತಕ ಅಲ್ವಾ... ಯಾವನೋ ಪೋಲಿ ಗೀಚಿರ್ಬೇಕು."

"ಹೌದಾ? ಕೆಳಗೆ ಸಹಿ ಇದೆ."

(ತೀರ್ಪು ಬರೆದ ಮೇಲೆ ಸಹಿ ಹಾಕದೆ ಬಿಟ್ಟ ಕೈಯಲ್ಲ ಅದು.)

ಭಾನುವಾರ ಅವನು ಮೊದಲ ಸಾಲಿನಲ್ಲಿ ಕೂತಿದ್ದ, ಒಗೆದ ಸಾಕ್ಸು ಹಾಕಿಕೊಂಡು. ಕ್ಷಮೆ ಮಾತ್ರ ಇನ್ನೂ ಬಾಯಿಂದ ಹೊರಟಿರಲಿಲ್ಲ. ಗೆಲುವಿಗೆ ಒಂದೇ ಪಾಯಿಂಟು ಬೇಕಿದ್ದಾಗ ಹೆಂಡತಿ ಸರ್ವ್ ಮಾಡಿದಳು. ಚೆಂಡು ಎದುರಾಳಿ ಅಂಕಣದಲ್ಲಿ ಬಿತ್ತು. ಅವಳ ಕಾಲು ಗೆರೆ ತುಳಿದದ್ದು ಆಟ ನಡೆಸುತ್ತಿದ್ದ ಡಾಕ್ಟರಿಗೆ ಕಾಣಲಿಲ್ಲ. ನಮ್ಮ ನ್ಯಾಯಮೂರ್ತಿಗೆ ಕಂಡಿತು. ಕಂಡೂ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಹೆಂಡತಿ ಕೈ ಎತ್ತಿದಳು. "ಡಾಕ್ಟ್ರೇ, ನಾನು ಗೆರೆ ತುಳಿದೆ. ಪಾಯಿಂಟ್ ಅವರದ್ದು."

ಆ ಪಾಯಿಂಟು ಹೋಯಿತು, ಹಿಂದೆಯೇ ಪಂದ್ಯವೂ ಹೋಯಿತು. ಇಡೀ ಮೈದಾನ ಅವಳಿಗೆ ಚಪ್ಪಾಳೆ ತಟ್ಟುವಾಗ ರೆಫರಿ ತನ್ನ ಕೈಗಳನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಕೂತಿದ್ದ.

ಅವಳು ನೀರು ಕುಡಿಯಲು ಬಂದಾಗ, ಮೆಲ್ಲಗೆ ಒಂದು ಕೈ ಎತ್ತಿದ.

"ಏನ್ರೀ ಇದು?"

"ಫೌಲು... ನಂದು. ಇಷ್ಟು ವರ್ಷದ್ದೂ."

"ಗೊತ್ತು," ಎಂದಳು ಬಾಟಲಿ ಮುಚ್ಚುತ್ತ. "ಸಹಿ ನೋಡಿದೀನಲ್ಲ."