ಹುಂಜಕ್ಕೊಂದು ಬೆದರಿಕೆ ಪತ್ರ

ಒಂದು ಒಗಟು ಹೇಳ್ತೇನೆ, ಬಿಡಿಸಿ. ಒಂದೂವರೆ ಸಾಲು ಉದ್ದ, ಕೈಕಾಲಿಲ್ಲ. ಆದರೂ ಹುಂಜವನ್ನು ಮಂಚದ ಕೆಳಗೆ ಮಲಗಿಸ್ತದೆ, ಹುಟ್ಟಿಸಿದವನನ್ನೇ ಪೊಲೀಸ್ ಠಾಣೆಗೆ ಓಡಿಸ್ತದೆ. ಎಂತ ಅದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರೂದಿಲ್ಲ. ಹತ್ತನೇ ಕ್ಲಾಸು ಎರಡು ಸಲ ಫೇಲಾದ ನನಗೆ ಇಂಥವು ಆಗ್ತಲೇ ಇರ್ತವೆ. ನಾಚಿಕೆ ಆದದ್ದು ಮಾತ್ರ ಇದೇ ಮೊದಲು.

೧. ವಿಧೇಯ

ಹಿರೇಗುತ್ತಿಯಲ್ಲಿ ನಮ್ಮ ಪಕ್ಕದ ಮನೆ ಹೊಲಿಗೆ ಅಕ್ಕನದು. ಗಂಡ ಮೀನಿನ ಬೋಟಿಗೆ ಹೋದರೆ ತಿಂಗಳುಗಟ್ಟಲೆ ಬರೂದಿಲ್ಲ. ಮನೆಯಲ್ಲಿ ಅಕ್ಕ, ಒಂದನೇ ಕ್ಲಾಸಿನ ಮಗಳು, ಒಂದು ಹುಂಜ. ಆ ಹುಂಜ ದಿನಾ ನನ್ನ ಕಿಟಕಿಗೇ ಮುಖ ಮಾಡಿ ಕೂಗ್ತಿತ್ತು. ಅಕ್ಷರ ಗುರುತು ಸಿಗಬಾರದು ಅಂತ ಎಡಗೈಯಲ್ಲಿ ಬರೆದೆ: "ಹುಂಜ ಇನ್ನೊಮ್ಮೆ ಕೂಗಿದರೆ ಅದರ ಕುತ್ತಿಗೆ ಇರೂದಿಲ್ಲ. ಆಮೇಲೆ ನಿಮ್ಮ ಸರದಿ."

ರಜಾ ಅರ್ಜಿ ಬಿಟ್ಟು ಬೇರೆ ಪತ್ರ ಬರೆದು ಗೊತ್ತಿಲ್ಲ ನೋಡಿ, ಕೊನೆಗೆ "ಇಂತಿ ತಮ್ಮ ವಿಧೇಯ" ಅಂತಲೂ ಹಾಕಿದೆ. ಹೆಸರಿನ ಜಾಗ ಖಾಲಿ. ರಾತ್ರಿ ಅಕ್ಕನ ಬಾಗಿಲಡಿ ತೂರಿಸಿ ಬಂದೆ.

೨. ಕಾವಲುಗಾರ

ಮಾರನೇ ಬೆಳಿಗ್ಗೆ ಸದ್ದಿಲ್ಲ. ಖುಷಿಯಲ್ಲಿ ನೋಡಲು ಹೋದರೆ ಹುಂಜ ಮಂಚದ ಕೆಳಗೆ, ಮೇಲೆ ಗೋಣಿಚೀಲ. ಮಗಳನ್ನು ಶಾಲೆಗೆ ಕಳಿಸಿರಲಿಲ್ಲ. ಹೊಲಿಗೆ ಮಷಿನ್ ನಿಂತಿತ್ತು.

"ತಮಾ, ಯಾರೋ ಕೊಲ್ತೇನೆ ಅಂತ ಬರೆದು ಹಾಕಿದ್ದಾರೆ. ನಮಗೆ ಯಾರಿದ್ದಾರೆ ಹೇಳು? ನೀನೇ ಒಂಚೂರು ಈ ಬದಿಗೆ ನೋಡ್ಕೋ ಮಾರಾಯ," ಅಂದಳು ಅಕ್ಕ.

ನನ್ನಿಂದ ಆ ಮನೆ ಕಾಯೂಕೆ ನನ್ನನ್ನೇ ನೇಮಿಸಿದಳು. ಚಾ, ಅವಲಕ್ಕಿಯನ್ನೂ ಕೊಟ್ಟಳು. ಅವಲಕ್ಕಿ ಬಾಯಲ್ಲಿರುವಾಗ ಮಗಳು ಕೇಳಿತು: "ಅಣ್ಣ, ನಮ್ಮ ಸರದಿ ಯಾವತ್ತು?"

೩. ಎಡಗೈ

ಮೂರನೇ ದಿನ ಅಕ್ಕ ಊರು ಕಾಯುವ ಜಟಗ ದೇವರಿಗೆ ದೂರು ಕೊಡಲು ಹೊರಟಳು. ತೆಂಗಿನಕಾಯಿ ಹೊತ್ತವನು ನಾನೇ. "ಬರೆದವನ ಕೈ ಎಂಟು ದಿನದೊಳಗೆ ಬಿದ್ದುಹೋಗಲಿ," ಅಂತ ದೇವರ ಕಲ್ಲಿನ ಎದುರು ಅತ್ತಳು.

ಮನೆ ಮುಟ್ಟುವುದರೊಳಗೆ ನನ್ನ ಕೈ ಜುಮ್ಮೆನ್ನತೊಡಗಿತು. ಅದೂ ಎಡಗೈ! ಯಾವ ಕೈ ಅಂತ ಅಕ್ಕ ಹೇಳಿರಲೇ ಇಲ್ಲ.

೪. ದೂರುದಾರ

ಕುಮಟೆಗೆ ಬಸ್ ಹತ್ತಿ ಠಾಣೆಗೆ ಹೋದೆ. "ಸರ್, ದೇವರ ಹೆಸರಲ್ಲಿ ನನಗೆ ಬೆದರಿಕೆ ಹಾಕಿದ್ದಾರೆ."

ದಫೇದಾರರು ಪೆನ್ನು ತೆಗೆದರು. "ಎಂತ ಹೇಳಿದ್ರು?"

"ಪತ್ರ ಬರೆದವನ ಕೈ ಬೀಳಲಿ ಅಂತ."

ಪೆನ್ನು ಕೆಳಗಿಟ್ಟರು. "ಪತ್ರ ಬರೆದವನ ಕೈ ಬಿದ್ರೆ ನಿಂಗೆಂತ ಆಗ್ತದೋ?"

ನಾನು ಬಾಗಿಲು ನೋಡಿದೆ. ಅವರೂ ನೋಡಿದರು. ಕೊನೆಗೆ ಹುಂಜ, ಅಕ್ಕ, ಪತ್ರ ಎಲ್ಲ ಹೇಳಿಬಿಟ್ಟೆ.

"ಇದಕ್ಕೆ ಕ್ರಿಮಿನಲ್ ಬೆದರಿಕೆ ಅಂತಾರೆ. ಕೊಲ್ಲೂದೇ ಬೇಡ, ಎದುರಿನವರು ಹೆದರಲಿ ಅಂತ ಹೇಳಿದ್ರೇ ಆತು. ಹೆಸರು ಅಡಗಿಸಿ ಬರೆದದ್ದಕ್ಕೆ ಮೇಲಿಂದ ಇನ್ನಷ್ಟು ಶಿಕ್ಷೆ."

"ತಮಾಷೆಗೆ ಬರೆದದ್ದು ಸರ್."

"ಆ ಹೆಂಗಸು ನಕ್ಕಳಾ?"

ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. "ಹೋಗು, ಮೊದಲು ಅವಳ ಹತ್ರ ಒಪ್ಕೋ. ದೂರು ಕೊಡೂದು ಬಿಡೂದು ಅವಳಿಗೆ ಬಿಟ್ಟದ್ದು. ನಿನ್ನ ದೂರು ಇದೇ ಹಾಳೆಯಲ್ಲಿ ಇರ್ತದೆ, ದೂರುದಾರ ಅಂತ ಮೇಲಿರೂ ನಿನ್ನ ಹೆಸರನ್ನು ಆರೋಪಿ ಅಂತ ಕೆಳಗೆ ತರೂದು ಎಷ್ಟು ಹೊತ್ತು?"

೫. ಅಳತೆ

"ಅಕ್ಕಾ, ಬರೆದದ್ದು ನಾನು," ಅಂದೆ.

ಅಕ್ಕ ಕೊರಳಲ್ಲಿದ್ದ ಟೇಪು ತೆಗೆದು ನನ್ನ ಕುತ್ತಿಗೆಗೆ ಸುತ್ತಿದಳು. "ಹದಿಮೂರೂವರೆ ಇಂಚು. ಹುಂಜದ್ದು ನಾಲ್ಕು. ಮೊದಲು ಯಾವುದು ಕತ್ತರಿಸಲೋ?" ಮಂಚದ ಕೆಳಗಿಂದ ಹುಂಜ "ಅವನದೇ" ಅನ್ನುವ ಹಾಗೆ ಕೂಗಿತು. ಮಗಳು ನಕ್ಕಿತು, ಅಕ್ಕ ಕಣ್ಣೀರು ಬರುವಷ್ಟು ನಕ್ಕಳು.

ಟೇಪು ತೆಗೆದಲ್ಲಿಂದ ಇಲ್ಲಿವರೆಗೆ ಹೇಳಿದ್ದೆಲ್ಲ ನಾನು ಕಟ್ಟಿದ್ದು. ಯಾರೂ ನಗಲಿಲ್ಲ. ಅಕ್ಕ ನನ್ನ ಮುಖ ನೋಡುತ್ತಲೇ ಮಗಳನ್ನು ಒಳಗೆ ಎಳೆದುಕೊಂಡಳು. ಆಮೇಲೆ ಚಿಲಕದ ಸದ್ದು ಕೇಳಿತು.