ಹಳ್ಳದ ಕರೆಂಟು

ದೊಡ್ಡ ಯೋಚನೆಗಳು ದೊಡ್ಡವರಿಗೆ ಮಾತ್ರ ಬರುವಂತಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು. ನನ್ನಂಥವನಿಗೂ ಬರುತ್ತವಲ್ಲ, ಅದೇ ತೊಂದರೆ. ತೊಂಬತ್ತರ ದಶಕದಲ್ಲಿ ನಾನು ಬಾಳೂರಿನ ಹತ್ತಿರ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಕರೆಂಟಿನ ಕಂಬಗಳು ನಮ್ಮ ಕಡೆಗೆ ಹೊರಟು, ಗುಡ್ಡದ ಬುಡದಲ್ಲೇ ಸುಸ್ತಾಗಿ ನಿಂತಿದ್ದ ಕಾಲ ಅದು.

ಮನೆಯ ಹಿಂದೆ ಹಳ್ಳವೊಂದು ಕೆಲಸವಿಲ್ಲದೆ ಹರಿಯುತ್ತಿತ್ತು. ಅದರ ಕೈಲಿ ಕರೆಂಟು ಮಾಡಿಸಿದರೇನು ಎಂದು ನನಗೆ ಹೊಳೆಯಿತು. ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಗೆಳೆಯ ಇಬ್ರಾಹಿಂಗೆ ಹೇಳಿದೆ. ನಗುತ್ತಾನೆ ಅಂದುಕೊಂಡರೆ, ಮುಂದಿನ ಭಾನುವಾರವೇ ಹಳೇ ಜೀಪಿನ ಡೈನಮೋ ಹೊತ್ತು ಬಂದ. ಕಬ್ಬಿಣದ ಚಕ್ರಕ್ಕೆ ತಗಡಿನ ರೆಕ್ಕೆ ಬೆಸೆದು, ಪೈಪಿನಲ್ಲಿ ನೀರು ಹಾಯಿಸಿ, ಎಷ್ಟೋ ಭಾನುವಾರ ಇಬ್ಬರೂ ತೊಯ್ದು ತೊಪ್ಪೆಯಾದೆವು. ಕಡೆಗೊಂದು ಸಂಜೆ ಅಡುಗೆಮನೆಯ ಬಲ್ಬು ಮಿಣುಕಿ, ಅನುಮಾನಿಸಿ, ಹತ್ತಿಕೊಂಡಿತು. ನನ್ನ ಕಣ್ಣು ಒದ್ದೆಯಾಯಿತು. ಹೆಂಡತಿ ಶಾರದೆ ಮೇಲೆ ನೋಡಿ ಆಡಿದ ಮೊದಲ ಮಾತು: "ಅಯ್ಯೋ, ಇಷ್ಟೊಂದು ಜೇಡರ ಬಲೆ ಇತ್ತಾ!"

ಸುದ್ದಿ ಹಬ್ಬಿ, ನಮಗೂ ಒಂದು ಮಾಡಿಕೊಡಿ ಎಂದು ಜನ ಬರತೊಡಗಿದರು. ಇಬ್ರಾಹಿಂ, "ಕೆಲ್ಸ ಬಿಡಿ ರೈಟರ್ರೇ, ಇಬ್ರೂ ಸೇರಿ ಒಂದು ಶೆಡ್ ಹಾಕುವ. ಈ ಗುಡ್ಡದಲ್ಲಿ ಹಳ್ಳಕ್ಕೇನು ಬರಗಾಲವಾ ಮಾರಾಯ್ರೇ?" ಎಂದ. ನಾನು ಆಗಲೇ ಬೋರ್ಡಿನ ಬಣ್ಣ ನಿಶ್ಚಯಿಸಿದ್ದೆ. ಎಸ್ಟೇಟಿನ ಸಾಹುಕಾರರ ಮುಂದೆ ರಾಜೀನಾಮೆ ಹೇಗೆ ಹೇಳಬೇಕೆಂದು ಕಾಫಿ ಗಿಡಗಳ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ್ದೆ. ಗಿಡಗಳು ತಕರಾರು ಮಾಡಿರಲಿಲ್ಲ. ಶಾರದೆ ಮಾತ್ರ, "ಬೇಡ ಅನ್ನಲ್ಲ ಕಣ್ರೀ. ಒಂದು ಬೇಸಿಗೆ ಕಳೀಲಿ, ಆಗ್ಲೂ ಬಲ್ಬು ಉರಿದ್ರೆ ಕೆಲ್ಸ ಬಿಡಿ," ಎಂದಳು.

ಮಾರ್ಚಿನಲ್ಲಿ ಹಳ್ಳ ಸೊರಗಿತು. ಬಲ್ಬು ಹಳದಿಯಾಯಿತು, ಕೆಂಪಾಯಿತು, ಆರಿತು. ಇಬ್ರಾಹಿಂ ಎದೆಗುಂದಲಿಲ್ಲ. "ಇದು ಸಣ್ಣ ಹಳ್ಳ. ಕಳಸದ ಕಡೆ ಬತ್ತದ ಹಳ್ಳಗಳಿವೆ. ಅಲ್ಲಿಂದ ಶುರು ಮಾಡುವ," ಎಂದ. ನಾನು ನಿಂತ ಚಕ್ರವನ್ನು ನೋಡಿದೆ. ಆ ವರ್ಷವಷ್ಟೇ ಮೂಡಿಗೆರೆಯ ಶಾಲೆಗೆ ಸೇರಿಸಿದ್ದ ಮಗಳು ಜಗಲಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದಳು. "ನೀನು ಮಾಡು ಮಾರಾಯ. ನನ್ನ ಕೈಲಾಗಲ್ಲ," ಎಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಇಬ್ರಾಹಿಂ ಮಾಡಿದ. ಕಳಸ, ಸಂಸೆಯ ಕಡೆ ಎಷ್ಟೋ ಮನೆಗಳಲ್ಲಿ ಅವನ ಚಕ್ರ ತಿರುಗಿತು. ನಾನು ಹಾಜರಿ ಬರೆಯುತ್ತಲೇ ಮಗಳನ್ನು ಓದಿಸಿದೆ, ಅದಕ್ಕೆ ನನಗೆ ಬೇಸರವಿಲ್ಲ. ಎರಡು ಸಾವಿರದ ಇಸವಿಯ ಈಚೆಗೆ ಕಂಬಗಳೂ ಸುಧಾರಿಸಿಕೊಂಡು ಗುಡ್ಡ ಹತ್ತಿ ಬಂದವು. ಮೊದಲ ಗಾಳಿಗೇ ತಂತಿ ಹರಿಯಿತು. ಆ ಸಂಜೆ ಕತ್ತಲ ಜಗಲಿಯಲ್ಲಿ ಕೂತಿದ್ದಾಗ, ಎದುರು ಗುಡ್ಡದ ಮನೆಯಲ್ಲಿ ಇಬ್ರಾಹಿಂ ಹಾಕಿಕೊಟ್ಟ ಚಕ್ರದ ದೀಪ ಜಗಮಗ ಉರಿಯುತ್ತಿತ್ತು. ನಾನು ಎದೆಯುಬ್ಬಿಸಿ, "ನೋಡು, ಅದು ನಂದೇ ಐಡಿಯಾ," ಎಂದೆ.

"ಹೌದಲ್ವಾ," ಎಂದಳು ಶಾರದೆ. "ಸ್ವಲ್ಪ ಬೆಂಕಿಪೊಟ್ಟಣ ಎಲ್ಲಿದೆ ಹುಡುಕಿ."